ಗೆರೆ ಅವರದು, ಬಣ್ಣ ನಮ್ಮದು

ಮಕ್ಕಳಿಗಾಗಿ ಬಣ್ಣ ತುಂಬುವ ಪುಸ್ತಕವೊಂದನ್ನು ಮಾಡಿಕೊಡುತ್ತೀರಾ ಎಂದು ಲಂಡನ್ನಿನ ಲಾರೆನ್ಸ್ ಕಿಂಗ್ ಪ್ರಕಾಶನದವರು ಸ್ಕಾಟ್ಲೆಂಡಿನ ಚಿತ್ರಕಲಾವಿದೆ ಜೊಹಾನಾ ಬ್ಯಾಸ್‌ಫರ್ಡ್ ಅವರನ್ನು ಕೇಳಿದರು. ಮಾಡುತ್ತೇನೆ, ಆದರೆ ಮಕ್ಕಳಿಗಲ್ಲ, ದೊಡ್ಡವರಿಗೆ ಎಂದರು ಅವರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ ಎಂದು ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ. ಇರಲು ಹೇಗೆ ಸಾಧ್ಯ? ಸಂಬಳ, ಸಾಲ, ಸಂಸಾರ ಎಲ್ಲ ಇರುವವರು ದುಡ್ಡು ಕೊಟ್ಟು ಕಪ್ಪುಬಿಳುಪು ಪುಸ್ತಕ ತಂದು ಕಲರ್ ಪೆನ್ಸಿಲ್ ಹಿಡಿದು ಕೂರುತ್ತಾರೆ ಎಂದರೆ ಯಾವ ಪ್ರಕಾಶಕ ನಂಬಿಯಾನು! ಬ್ಯಾಸ್‌ಫರ್ಡ್ ವಾದಕ್ಕಿಳಿಯಲಿಲ್ಲ. ತಮ್ಮ ಮನಸ್ಸಿನಲ್ಲಿದ್ದ ಪುಸ್ತಕದ ಮೊದಲ ಐದು ಪುಟಗಳನ್ನು ಬರೆದೇ ತೋರಿಸಿದರು. ‘ಸೀಕ್ರೆಟ್ ಗಾರ್ಡನ್’ 2013ರಲ್ಲಿ ಹೊರಬಂತು. ಯಾರೂ ಕೊಳ್ಳದಿದ್ದರೆ ಅಮ್ಮನೇ ರಾಶಿ ಪ್ರತಿ ಕೊಳ್ಳಬೇಕಾದೀತು ಎಂಬ ಅಂಜಿಕೆ ಅವರಿಗಿತ್ತಂತೆ.

ಆ ಪುಸ್ತಕ ಗೆದ್ದ ಕತೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಅದರ ಹಿಂದಿನ ವರ್ಷಗಳದ್ದು. ಬ್ಯಾಸ್‌ಫರ್ಡ್ ಡಂಡಿಯ ಕಲಾಶಾಲೆಯಲ್ಲಿ ಓದಿದ್ದು ಬಟ್ಟೆಯ ಮೇಲಿನ ಮುದ್ರಣ. ಓದು ಮುಗಿದ ಮೇಲೆ ಗೋಡೆಗೆ ಅಂಟಿಸುವ ದುಬಾರಿ ಕಾಗದವನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಕೈಯಾರೆ ಅಚ್ಚು ಹಾಕಿ ಹೋಟೆಲುಗಳಿಗೂ ಸಿರಿವಂತರ ಮನೆಗಳಿಗೂ ಮಾರುತ್ತಿದ್ದರು. 2008ರ ಆರ್ಥಿಕ ಕುಸಿತ ಬಂತು. ಕೈ ಬಿಗಿಹಿಡಿದ ಜನ ಮೊದಲು ಬಿಡುವುದೇ ಇಂಥವನ್ನು. ಆ ಕಸುಬು ನಿಂತಿತು. ಆ ವರ್ಷ ನಮ್ಮಲ್ಲೂ ಎಷ್ಟೋ ಜನ ಗುಲಾಬಿ ಚೀಟಿ ಹಿಡಿದು ಪುಣೆಯಿಂದಲೋ ಹೈದರಾಬಾದಿನಿಂದಲೋ ಊರಿನ ಬಸ್ಸು ಹತ್ತಿದ್ದರು. ಓದುಗರಲ್ಲಿ ಕೆಲವರಿಗಾದರೂ ಆ ದಿನಗಳು ನೆನಪಿರುತ್ತವೆ. ಬ್ಯಾಸ್‌ಫರ್ಡ್ ಬಳಿ ಉಳಿದದ್ದು ಪೆನ್ನು, ಇಂಕು, ಕಾಗದ. ಕಂಪನಿಗಳಿಗೆ ಬೇಕಾದ ಚಿತ್ರ ಬರೆದುಕೊಡುತ್ತಾ, ಕಂಪ್ಯೂಟರ್ ಪರದೆಗೆ ಹಾಕಿಕೊಳ್ಳುವ ಕಪ್ಪುಬಿಳುಪು ಚಿತ್ರಗಳನ್ನು ತಮ್ಮ ಜಾಲತಾಣದಲ್ಲಿ ಪುಕ್ಕಟೆ ಹಂಚುತ್ತಾ ಇದ್ದರು. ಪ್ರಕಾಶಕರ ಕಣ್ಣಿಗೆ ಬಿದ್ದದ್ದು ಆ ಪುಕ್ಕಟೆ ಚಿತ್ರಗಳೇ. ಚಿತ್ರ ನೋಡಿದವರು, ಇದಕ್ಕೆ ಬಣ್ಣ ಹಚ್ಚಬೇಕು ಅನ್ನಿಸುತ್ತದೆ ಎಂದು ಮೊದಲೇ ಹೇಳುತ್ತಿದ್ದರಂತೆ. ದೊಡ್ಡವರ ಪುಸ್ತಕ ಎಂಬ ಯೋಚನೆ ಹಾರಿ ಬಂದದ್ದಲ್ಲ, ಗಿರಾಕಿಗಳ ಬಾಯಿಂದಲೇ ಬಂದದ್ದು.

ತೋಟ ಬಂದದ್ದು ಅಜ್ಜನಿಂದ. ಆರನ್ ದ್ವೀಪದ ಬ್ರೋಡಿಕ್ ಕೋಟೆಯಲ್ಲಿ ಅವರ ಅಜ್ಜ ಮುಖ್ಯ ತೋಟಗಾರರಾಗಿದ್ದರು. ಮೊಮ್ಮಗಳು ಬಾಲ್ಯದಲ್ಲಿ ಅಲ್ಲಿ ಓಡಾಡಿದ ಗಿಡ, ಬಳ್ಳಿ, ಗೋಡೆಗಳೇ ಪುಸ್ತಕದ ಪುಟಗಳಾದವು.

ಇಂಥ ಪುಟ ಬರೆಯುವುದರಲ್ಲಿ ಒಂದು ವಿಚಿತ್ರ ಶಿಸ್ತಿದೆ. ಸಾಮಾನ್ಯವಾಗಿ ಕಪ್ಪುಬಿಳುಪು ಚಿತ್ರ ಬರೆಯುವವರು ನೆರಳು ಬೆಳಕನ್ನು ತಾವೇ ಕೊಡುತ್ತಾರೆ. ಎಲೆಯ ಅಡಿಗೆ ಒತ್ತೊತ್ತಾಗಿ ಗೀಟು ಎಳೆದರೆ ಎಲೆ ಮೇಲೆದ್ದು ನಿಲ್ಲುತ್ತದೆ. ಬಣ್ಣ ತುಂಬುವ ಪುಸ್ತಕದಲ್ಲಿ ಅದನ್ನೆಲ್ಲ ಮಾಡಿಬಿಟ್ಟರೆ ಓದುಗರಿಗೆ ಉಳಿಯುವುದೇನು? ಹಾಗಂತ ಬರೀ ಹೊರಗೆರೆ ಎಳೆದುಕೊಟ್ಟರೆ ಅದು ಒಂದನೇ ಕ್ಲಾಸಿನ ಮಾವಿನಹಣ್ಣು, ಐದು ನಿಮಿಷಕ್ಕೆ ಬೇಸರ. ಆದ್ದರಿಂದ ಕಲಾವಿದೆ ಪ್ರತಿ ಎಲೆಯ ಮುಂದೆಯೂ ಒಂದು ತೀರ್ಮಾನ ಮಾಡಬೇಕು: ಇದರ ನರಗಳನ್ನು ನಾನು ಬರೆಯಲೋ, ಬಿಡಲೋ? ಗೆರೆಗಳು ಆದಷ್ಟೂ ಒಂದಕ್ಕೊಂದು ಕೂಡಿ ಜಾಗ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ತುಂಬುವವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು. ಜಾಗಗಳು ಒಂದೇ ಅಳತೆಯವಾದರೆ ಕೈ ಸೋಲುತ್ತದೆ. ಪೆನ್ಸಿಲ್ ಮೊನೆಗಷ್ಟೇ ಸಿಗುವ ಪುಟ್ಟ ದಳಗಳ ಪಕ್ಕ ಉಸಿರಾಡಲು ಒಂದು ದೊಡ್ಡ ಚಿಟ್ಟೆ ಬೇಕು. ಬ್ಯಾಸ್‌ಫರ್ಡ್ ಕೆಲವು ಕಡೆ ಪುಟದ ಒಂದು ಭಾಗವನ್ನು ಪೂರಾ ಖಾಲಿ ಬಿಟ್ಟು, ಉಳಿದದ್ದನ್ನು ನೀವೇ ಬರೆಯಿರಿ ಎನ್ನುತ್ತಾರೆ. ಇನ್ನೊಂದು ತಮಾಷೆ, ಒಳಗೆ ಬಚ್ಚಿಟ್ಟ ಜೀವಿಗಳು. ಬಳ್ಳಿಗೆ ಬಣ್ಣ ಹಚ್ಚುತ್ತಾ ಹೋದಾಗ ಒಂದು ಗೂಬೆಯೋ ಜೀರುಂಡೆಯೋ ಥಟ್ಟನೆ ಕಾಣಿಸಿಕೊಳ್ಳುತ್ತದೆ.

ಚಿತ್ರವನ್ನು ಅವರು ಕೈಯಲ್ಲೇ ಬರೆಯುತ್ತಾರೆ. ಮೊದಲು ಪೆನ್ಸಿಲ್, ಅದರ ಮೇಲೆ ಇಂಕು, ಆಮೇಲಷ್ಟೇ ಸ್ಕ್ಯಾನರ್. ಕಂಪ್ಯೂಟರಿನಲ್ಲಿ ಹುಟ್ಟಿದ ಗೆರೆ ತಣ್ಣಗಿರುತ್ತದೆ, ಅದರಲ್ಲಿ ಜೀವ ಇರುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ದಿನವಿಡೀ ಪರದೆ ನೋಡಿ ಹೊಟ್ಟೆ ಹೊರೆಯುವ ನಾನು ಇದನ್ನು ಒಪ್ಪಲು ಮೊದಲು ಹಿಂಜರಿದೆ. ಆದರೆ ಅವರ ಪುಟವೊಂದಕ್ಕೆ ಬಣ್ಣ ಹಚ್ಚುತ್ತಾ ಕೂತರೆ ಎಡಗಡೆಯ ಹೂವೂ ಬಲಗಡೆಯ ಹೂವೂ ಒಂದೇ ಅಲ್ಲವೆಂದು ಗೊತ್ತಾಗುತ್ತದೆ. ಕಾಪಿ-ಪೇಸ್ಟ್ ಮಾಡಿದ್ದರೆ ಒಂದೇ ಆಗಿರುತ್ತಿತ್ತು. ಒಂದರ ದಳ ಕೊಂಚ ಓರೆ. ಗೆರೆ ಒಂದು ಕಡೆ ದಪ್ಪ, ತಿರುವಿನಲ್ಲಿ ಸಣ್ಣ. ಯಾರೋ ಇಲ್ಲಿ ಕೈ ಊರಿ ಕೂತಿದ್ದರು ಎಂಬುದು ತಿಳಿಯುತ್ತದೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಕೊರಿಯಾದ ಪಾಪ್ ತಾರೆಯೊಬ್ಬ ತಾನು ಬಣ್ಣ ತುಂಬಿದ ಪುಟದ ಫೋಟೊ ಹಾಕಿದ. ಅಲ್ಲಿ ಪುಸ್ತಕಕ್ಕೆ ಜನ ಮುಗಿಬಿದ್ದರು. 2015ರಲ್ಲಿ ‘ಎನ್‌ಚಾಂಟೆಡ್ ಫಾರೆಸ್ಟ್’, ಅದೇ ವರ್ಷ ‘ಲಾಸ್ಟ್ ಓಶನ್’ ಬಂದವು. ನೀಲ್ಸನ್ ಅಂದಾಜಿನಂತೆ ಅಮೆರಿಕದಲ್ಲಿ 2014ರಲ್ಲಿ ದೊಡ್ಡವರ ಬಣ್ಣದ ಪುಸ್ತಕಗಳು ಮಾರಾಟವಾದದ್ದು 10 ಲಕ್ಷ, ಮರುವರ್ಷ 1 ಕೋಟಿ 20 ಲಕ್ಷ. ಜರ್ಮನಿಯ ಫೇಬರ್-ಕ್ಯಾಸಲ್ ಕಂಪನಿ ಕಲರ್ ಪೆನ್ಸಿಲ್ ಸಾಲದೆ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ ನಡೆಸಬೇಕಾಯಿತು. 2016ರಲ್ಲಿ ಬ್ಯಾಸ್‌ಫರ್ಡ್ ಅವರಿಗೆ ಬ್ರಿಟನ್ನಿನ ಒಬಿಇ ಗೌರವ ಸಿಕ್ಕಿತು.

ಈ ಗದ್ದಲದಲ್ಲಿ ಒಂದು ಮಾತು ಅದಲುಬದಲಾಯಿತು. ಇಂಗ್ಲಿಷಿನಲ್ಲಿ ಪುಸ್ತಕದ ಉಪಶೀರ್ಷಿಕೆ ಅದನ್ನು ಇಂಕಿನಲ್ಲಿ ಬರೆದ ನಿಧಿಶೋಧ ಎಂದು ಕರೆದಿತ್ತು. ಫ್ರೆಂಚ್, ಕೊರಿಯನ್ ಆವೃತ್ತಿಗಳ ಮುಖಪುಟಕ್ಕೆ ‘ಆ್ಯಂಟಿ-ಸ್ಟ್ರೆಸ್’ ಎಂಬ ಮಾತು ಬಂದು ಸೇರಿತು. ಅಲ್ಲಿಂದ ಆಟದ ಪುಸ್ತಕ ಔಷಧಿಯ ಡಬ್ಬಿಯಾಯಿತು. ಇದಕ್ಕೆ ಆಧಾರವೇ ಇಲ್ಲ ಎನ್ನಲಾಗದು. 2005ರಲ್ಲಿ ಕರಿ ಮತ್ತು ಕ್ಯಾಸರ್ ಎಂಬ ಇಬ್ಬರು ಸಂಶೋಧಕರು 84 ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಮಂಡಲದ ಚಿತ್ರಕ್ಕೂ ಚೌಕಳಿ ವಿನ್ಯಾಸಕ್ಕೂ ಬಣ್ಣ ತುಂಬಿದವರ ಆತಂಕ ಹೆಚ್ಚುಕಮ್ಮಿ ಒಂದೇ ಮಟ್ಟಿಗೆ ಇಳಿಯಿತು. ಖಾಲಿ ಹಾಳೆ ಕೊಟ್ಟು ಏನಾದರೂ ಬಣ್ಣ ಹಚ್ಚಿ ಎಂದವರಲ್ಲಿ ಇಳಿಯಲಿಲ್ಲ. ಅಂದರೆ ಪುಣ್ಯ ಮಂಡಲದ್ದಲ್ಲ, ಹಿಡಿದು ಕೂರಿಸುವ ಗೆರೆಯದ್ದು. ಅಷ್ಟಾದರೂ ಬಣ್ಣ ತುಂಬುವುದು ಬೇರೆ, ತರಬೇತಾದವರ ಜೊತೆ ಕೂತು ಮಾಡುವ ಕಲಾಚಿಕಿತ್ಸೆ ಬೇರೆ ಎಂದು ಅಮೆರಿಕದ ಕಲಾಚಿಕಿತ್ಸಕರ ಸಂಘ ಸ್ಪಷ್ಟವಾಗಿ ಹೇಳಿದೆ. ಆಫೀಸುಗಳಲ್ಲಿ ‘ವೆಲ್‌ನೆಸ್ ವೀಕ್’ ಬಂತೆಂದರೆ ಮೀಟಿಂಗ್ ರೂಮಿನ ಮೇಜಿನ ಮೇಲೆ ಮಂಡಲದ ಜೆರಾಕ್ಸ್ ಪ್ರತಿಗಳು, ನಾಲ್ಕು ಮುರಿದ ಕ್ರೇಯಾನು ಇಟ್ಟು ಫೋಟೊ ತೆಗೆಯುವುದನ್ನು ನೀವೂ ನೋಡಿರುತ್ತೀರಿ. ರಾತ್ರಿ ಹನ್ನೊಂದಕ್ಕೆ ಬರುವ ಕ್ಲೈಂಟ್ ಕಾಲ್ ಹಾಗೇ ಇಟ್ಟು ಹಗಲು ಕ್ರೇಯಾನು ಹಂಚುವ ವ್ಯವಹಾರದ ಬಗ್ಗೆ ನನಗೆ ಗೌರವವಿಲ್ಲ.

ನಾನು ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ಅಪ್ಪಾ ಬಳವಂತ ಚೌಕದ ಅಂಗಡಿಯಿಂದ ಇಂಥದೊಂದು ಪುಸ್ತಕ ತಂದು, ಶನಿವಾರ ರಾತ್ರಿ ಮಗಳ ಕ್ಯಾಮ್ಲಿನ್ ಪೆನ್ಸಿಲ್ ಹಿಡಿದು ಕೂರುವ ಅಭ್ಯಾಸ ನಾಲ್ಕೈದು ವರ್ಷದ್ದು. (ಈ ಊರಿನಲ್ಲಿ ಅಂಗಡಿಗೆ ಹೋಗಿ ‘ಮೆಂಡರ್ ಕೊಡಿ’ ಅಂದರೆ ಯಾರಿಗೂ ತಿಳಿಯದು, ಶಾರ್ಪನರ್ ಅನ್ನಬೇಕು. ನಮ್ಮ ಮೆಂಡರ್ ಹುಬ್ಬಳ್ಳಿ ದಾಟುವುದೇ ಕಷ್ಟ.) ಕಳೆದ ದೀಪಾವಳಿಗೆ ಸಾಗರದಿಂದ ಬಂದಿದ್ದ ಅಮ್ಮ ಪುಸ್ತಕ ತಿರುವಿ ಹಾಕಿ ಕೇಳಿದಳು:

“ಎಂತದೇ ಇದು? ಗೆರೆ ಎಲ್ಲ ಅವಳೇ ಎಳ್ದು ಮುಗ್ಸಿದಾಳೆ. ನೀ ಮಾಡದು ಎಂತ ಉಳ್ದಿದೆ?”

“ಬಣ್ಣ ಅಮ್ಮ.”

“ಬಣ್ಣ ಯಾರು ಬೇಕಾದ್ರೂ ತುಂಬ್ತಾರೆ. ಗೆರೆ ಎಳಿಯದು ಕಷ್ಟ.”

ಅಮ್ಮನ ಮಾತಿಗೆ ತೂಕವಿದೆ, ಏಕೆಂದರೆ ಅವಳು ಬಂದದ್ದು ಗೆರೆಯ ಊರಿನಿಂದ. ಸಾಗರದ ಸುತ್ತಮುತ್ತಲ ದೀವರ ಮನೆಗಳಲ್ಲಿ ಮದುವೆಗೆ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಪುಂಡಿ ನಾರಿನ ಕುಂಚ, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಅಲ್ಲಿ ಎಲ್ಲವೂ ಗೆರೆಯೇ; ಕೂದಲೆಳೆಯಂಥ ಗೆರೆಗಳು ಅಡ್ಡ, ಉದ್ದ, ಓರೆಯಾಗಿ ಹೆಣೆದುಕೊಂಡು ಚಿತ್ರವಾಗುತ್ತವೆ. ಪಕ್ಕದ ಮನೆಯ ಮದುವೆಯಲ್ಲಿ ಅದನ್ನು ನೋಡುತ್ತಾ ಬೆಳೆದ ಅಮ್ಮನಿಗೆ ಸಿದ್ಧ ಗೆರೆಯೊಳಗೆ ಬಣ್ಣ ಹಚ್ಚುವುದು ಅಡುಗೆ ಮಾಡದೆ ಬಡಿಸಿದ ಹಾಗೆ ಕಂಡಿರಬೇಕು.

ಆದರೂ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಮನೆಯಂಗಳದಲ್ಲಿ ಹಬ್ಬಕ್ಕೆ ದೊಡ್ಡ ರಂಗೋಲಿ ಹಾಕುವಾಗ ಚುಕ್ಕಿ ಇಟ್ಟು ಎಳೆ ಸೇರಿಸುತ್ತಿದ್ದವಳು ಇದೇ ಅಮ್ಮ. ಬಣ್ಣದ ಪುಡಿ ತುಂಬುತ್ತಿದ್ದವರು ನಾನು, ತಂಗಿ, ಎದುರು ಮನೆಯ ಹುಡುಗಿಯರು. ಆ ರಂಗೋಲಿ ಯಾರದು ಎಂದು ಯಾರೂ ಕೇಳಲಿಲ್ಲ. ಅಮ್ಮ ಎಲ್ಲವನ್ನೂ ತಾನೇ ತುಂಬಿ ಮುಗಿಸಬಹುದಿತ್ತು. ಮುಗಿಸದೆ ನಮಗೆ ಜಾಗ ಬಿಟ್ಟಳು. ಬ್ಯಾಸ್‌ಫರ್ಡ್ ಮಾಡುವುದೂ ಇದನ್ನೇ. ತಮ್ಮ ಪುಸ್ತಕವನ್ನು ಅವರು ಓದುಗರ ಜೊತೆಗಿನ ಸಹಕಾರ ಎಂದೇ ಕರೆಯುತ್ತಾರೆ. ಒಂದೇ ಪುಟ ಪೋಲೆಂಡಿನಲ್ಲಿ ನೀಲಿಯಾಗಿ, ಬ್ರೆಜಿಲಿನಲ್ಲಿ ಕಿತ್ತಳೆಯಾಗಿ ಮುಗಿಯುವುದನ್ನು ನೋಡಿಕೊಂಡಿರಲು ಕಲಾವಿದರಿಗೆ ದೊಡ್ಡ ಮನಸ್ಸು ಬೇಕು. ತನ್ನ ಚಿತ್ರದ ಒಂದು ಚುಕ್ಕಿಯನ್ನೂ ಬೇರೆಯವರು ಮುಟ್ಟಬಾರದು ಎನ್ನುವವರೇ ಈ ಲೋಕದಲ್ಲಿ ಹೆಚ್ಚು.

ಅಬ್ಬರ ಬಹಳ ಕಾಲ ಉಳಿಯಲಿಲ್ಲ. ಅಮೆರಿಕದ ದೊಡ್ಡ ಪುಸ್ತಕದಂಗಡಿ ಸರಪಳಿ ಬಾರ್ನ್ಸ್ ಅಂಡ್ ನೋಬಲ್ ತನ್ನ ವ್ಯಾಪಾರ ಇಳಿದದ್ದಕ್ಕೆ ಬಣ್ಣದ ಪುಸ್ತಕಗಳ ಹುಚ್ಚು ತಣಿದದ್ದೂ ಒಂದು ಕಾರಣ ಎಂದು ಮರುವರ್ಷಗಳಲ್ಲೇ ಹೇಳಿತು. ಈಗಿನ ಕಷ್ಟ ಅದಕ್ಕಿಂತ ದೊಡ್ಡದು. ಅಮೆಜಾನಿನಲ್ಲಿ ಯಾರು ಬೇಕಾದರೂ ಸ್ವಂತ ಪುಸ್ತಕ ಪ್ರಕಟಿಸಬಹುದು; ಚಿತ್ರ ಬರೆಯುವ ಎಐ ಬಂದ ಮೇಲೆ ಬಣ್ಣ ತುಂಬುವ ಪುಸ್ತಕ ಮಾಡಲು ಕಲಾವಿದರೇ ಬೇಕಿಲ್ಲ, ಒಂದು ಸಂಜೆ ಸಾಕು. ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಪುಸ್ತಕ ಹಾಕುವಂತಿಲ್ಲ ಎಂಬ ಮಿತಿಯನ್ನು ಅಮೆಜಾನ್ 2023ರ ಸೆಪ್ಟೆಂಬರ್‌ನಲ್ಲಿ ತಂದಿತು. ದಿನಕ್ಕೆ ಮೂರು! ಒಂದು ಪುಸ್ತಕಕ್ಕೆ ತಿಂಗಳುಗಟ್ಟಲೆ ಇಂಕು ಬಸಿಯುವವರು ಈ ಸಂತೆಯಲ್ಲಿ ಅಂಗಡಿ ಇಡುವುದು ಹೇಗೆ? 2008ರಲ್ಲಿ ಗೋಡೆ ಕಾಗದದ ಕಸುಬಿಗೆ ಬಂದ ಗತಿ ಈಗ ಪೆನ್ನು ಹಿಡಿದವರಿಗೂ ಬರಬಹುದು. ಕೋಡ್ ಬರೆದು ಬದುಕುವ ನಮ್ಮಂಥವರು ಇದನ್ನು ದೂರದ ಸುದ್ದಿ ಎಂದುಕೊಳ್ಳುವ ಹಾಗೂ ಇಲ್ಲ.

ಕೊಳ್ಳುವ ಮುನ್ನ ಮಾದರಿ ಪುಟಗಳನ್ನು ಹಿಗ್ಗಿಸಿ ನೋಡಿ. ಯಂತ್ರ ಮಾಡಿದ್ದರಲ್ಲಿ ಬಳ್ಳಿ ಎಲ್ಲಿಂದಲೋ ಹೊರಟು ಎಲ್ಲಿಯೋ ಕರಗಿಹೋಗಿರುತ್ತದೆ, ಹಕ್ಕಿಯ ಕಾಲಿಗೆ ಬೆರಳು ಹೆಚ್ಚಿರುತ್ತವೆ, ಕೆಲವು ಜಾಗ ಎಲೆಯೋ ರೆಕ್ಕೆಯೋ ಎಂದೇ ಗೊತ್ತಾಗದು. ಕಲಾವಿದರ ಹೆಸರಿದೆಯೇ, ಅವರು ಬೇರೇನು ಬರೆದಿದ್ದಾರೆ ಎಂದು ಹುಡುಕಿ. ತೆಳು ಕಾಗದವಾದರೆ ಸ್ಕೆಚ್ ಪೆನ್ ಹಿಂಬದಿಗೆ ಇಳಿದು ಆಚೆ ಪುಟದ ಚಿತ್ರ ಕೆಡುತ್ತದೆ. ಕಲರ್ ಪೆನ್ಸಿಲೇ ವಾಸಿ. ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಧಾರಾಳ ಸಾಕು. ಮೊದಲ ಸಲ ಮೆತ್ತಗೆ ಹಚ್ಚಿ, ಅದರ ಮೇಲೆ ಇನ್ನೊಂದು ಬಣ್ಣ ಎಳೆದರೆ ಡಬ್ಬಿಯಲ್ಲಿಲ್ಲದ ಬಣ್ಣವೂ ಬರುತ್ತದೆ.

ಬಣ್ಣ ತುಂಬಿ ತುಂಬಿ ಗೆರೆಯನ್ನೂ ತಾವೇ ಎಳೆಯಬೇಕು ಅನ್ನಿಸಿದವರಿಗೆ ಬ್ಯಾಸ್‌ಫರ್ಡ್ 2019ರಲ್ಲಿ ‘ಹೌ ಟು ಡ್ರಾ ಇಂಕಿ ವಂಡರ್‌ಲ್ಯಾಂಡ್ಸ್’ ಎಂಬ ಪುಸ್ತಕ ತಂದಿದ್ದಾರೆ. ಎಲೆ, ಹೂವು, ಬಳ್ಳಿ ಬರೆಯುವುದನ್ನು ಅದರಲ್ಲಿ ಹಂತಹಂತವಾಗಿ ಕಲಿಸುತ್ತಾರೆ. ಅದನ್ನು ಅಮ್ಮನಿಗೆ ತೋರಿಸಿದೆ. “ಇದು ಅಡ್ಡಿಲ್ಲ” ಅಂದಳು. ಆಮೇಲೆ ನನ್ನ ಪೆನ್ನು ತಗೊಂಡು, ಅದರಲ್ಲಿದ್ದ ಬಳ್ಳಿಯ ತಿರುವು ಸರಿಯಿಲ್ಲವೆಂದು ಪಕ್ಕದಲ್ಲೇ ಇನ್ನೊಂದು ಬರೆದಳು.