ಹಳೇ ಮೈಕ್ ಸೆಟ್ ಕೆಟ್ಟರೆ ಯಾರು ಹೊಣೆ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ. ಸುಳಿ ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟುತ್ತೇವೆ. ಆದರೆ ಹಳೇ ರೇಡಿಯೋ, ಹಳೇ ಮೈಕ್ ಸೆಟ್ ಕೊಳ್ಳುವಾಗ? ಹಾಡು ಬಂತಾ, ಸರಿ, ತಗೋ ದುಡ್ಡು ಅಂತೀವಿ. ಮನೆಗೆ ತಂದ ಮೇಲೆ ಕೆಟ್ಟರೆ ಜಗಳ ಶುರು.

ಒಂದು ಊರು ಇದೆ ಅಂತ ಇಟ್ಟುಕೊಳ್ಳೋಣ. ಆ ಊರಲ್ಲಿ ಒಂದು ಭಜನೆ ಮೇಳ. ಮೇಳದವರು ವಾರಕ್ಕೆ ಹತ್ತು ರೂಪಾಯಿ ಕೂಡಿಟ್ಟರು. 4,500 ರೂಪಾಯಿ ಆಯಿತು. ಪೇಟೆಯ ಅಂಗಡಿಗೆ ಹೋದರು. ಒಂದು ಹಳೇ ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದರು.

"ಇದನ್ನ ರಿಪೇರಿ ಮಾಡಿದ್ದೀರಾ?" ಅಂತ ಮೇಳದ ಅಕ್ಕ ಕೇಳಿದಳು. "ಇಲ್ಲಮ್ಮ, ಕೈಯೇ ಹಚ್ಚಿಲ್ಲ. ಭಜನೆಗೆ ಬೇಕಾದಷ್ಟಾಯ್ತು" ಅಂದ ಅಂಗಡಿಯವನು.

ಒಂಬತ್ತನೇ ದಿನ ಜಾತ್ರೆ. ನಡುರಾತ್ರಿ ಸುಟ್ಟ ವಾಸನೆ ಬಂತು. ಸದ್ದು ನಿಂತಿತು.

ಮೇಳದವರು ಪೇಟೆಗೆ ಓಡಿದರು. "ಮೋಸ ಮಾಡಿದೆ" ಅಂದರು. "ಕೊಟ್ಟಾಗ ಹಾಡ್ತಿತ್ತು. ನೀವೇ ಸುಟ್ಟಿದ್ದೀರಿ" ಅಂದ ಅಂಗಡಿಯವನು. ಯಾರ ಮಾತು ನಿಜ?

ಒಳಗೆ ಏನಾಗಿತ್ತು?

ಬೇರೆ ಒಬ್ಬ ಮೆಕ್ಯಾನಿಕ್ ಡಬ್ಬಿ ಬಿಚ್ಚಿದ. ಎರಡು ಸಂಗತಿ ಕಂಡವು.

ಒಂದು: ಫ್ಯೂಸ್ ಇರಬೇಕಾದ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿತ್ತು. ಪಕ್ಕದಲ್ಲಿ ಹಳೇ ಬೆಸುಗೆ ಇತ್ತು. ಅಂದರೆ ಇದು ಮೊದಲೇ ಒಮ್ಮೆ ಕೆಟ್ಟು ರಿಪೇರಿ ಆಗಿತ್ತು. "ಕೈಯೇ ಹಚ್ಚಿಲ್ಲ" ಅನ್ನುವ ಮಾತು ಸುಳ್ಳು.

ಎರಡು: ಜಾತ್ರೆಯ ದಿನ ಮೇಳದವರು ಇನ್ನೆರಡು ಸ್ಪೀಕರ್ ಬಾಡಿಗೆ ತಂದಿದ್ದರು. ನಾಲ್ಕನ್ನೂ ಒಂದಕ್ಕೊಂದು ಸೇರಿಸಿ ಕಟ್ಟಿದ್ದರು. ಆಂಪ್ಲಿಫೈಯರ್ ಹಿಂದೆ "4 ಓಮ್" ಅಂತ ಬರೆದಿತ್ತು. ಸ್ಪೀಕರ್ ಮೇಲೆ "8 ಓಮ್" ಅಂತ ಇತ್ತು. ಎಂಟು ಓಮಿನ ಎರಡು ಸ್ಪೀಕರ್ ಹೀಗೆ ಜೋಡಿಸಿದರೆ ನಾಲ್ಕು ಓಮ್ ಆಗುತ್ತದೆ. ನಾಲ್ಕು ಜೋಡಿಸಿದರೆ ಎರಡು ಓಮ್ ಆಗುತ್ತದೆ. ಓಮ್ ಕಡಿಮೆ ಆದಷ್ಟೂ ಯಂತ್ರದ ಮೇಲೆ ಹೊರೆ ಹೆಚ್ಚು. ಎರಡು ಎತ್ತಿನ ಗಾಡಿಗೆ ನಾಲ್ಕು ಗಾಡಿಯ ಹುಲ್ಲು ಹೇರಿದ ಹಾಗೆ.

ಸರಿಯಾದ ಫ್ಯೂಸ್ ಇದ್ದಿದ್ದರೆ ಅದು ಮೊದಲು ಸುಟ್ಟು ಯಂತ್ರ ಉಳಿಯುವ ಸಾಧ್ಯತೆ ಇತ್ತು. ಹೊರೆ ಹೇರಿದವರು ಕೊಂಡವರು. ಕಾವಲು ತೆಗೆದದ್ದನ್ನು ಮುಚ್ಚಿಟ್ಟವನು ಮಾರಿದವನು. ತಪ್ಪು ಎರಡೂ ಕಡೆ ಇತ್ತು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1930ರ ಸರಕು ಮಾರಾಟ ಕಾಯ್ದೆ ಇದೆ. ಅದರ ಮೊದಲ ಮಾತು ಇದು: ಕೊಳ್ಳುವವನು ನೋಡಿ ಕೊಳ್ಳಬೇಕು. ಪರೀಕ್ಷೆ ಮಾಡಿ ಕೊಂಡಿದ್ದರೆ, ಕಣ್ಣಿಗೆ ಕಾಣುವ ದೋಷಕ್ಕೆ ಆಮೇಲೆ ದೂರುವುದು ಕಷ್ಟ. ಹರಿದ ಸ್ಪೀಕರ್ ಕಾಗದ ನೋಡಿಯೂ ತಂದರೆ ಹೊಣೆ ನಿಮ್ಮದು.

ಆದರೆ ಮಾರುವವನಿಗೂ ಹೊಣೆ ಇದೆ. ಅಂಥ ಸಾಮಾನು ಮಾರುವುದೇ ಅವನ ಕಸುಬು ಅಂತ ಇಟ್ಟುಕೊಳ್ಳಿ. "ನಮಗೆ ಇಂಥ ಕೆಲಸಕ್ಕೆ ಬೇಕು" ಅಂತ ನೀವು ಹೇಳಿದ್ದೀರಿ. ಅವನ ತಿಳುವಳಿಕೆ ನಂಬಿ ಕೊಂಡಿದ್ದೀರಿ. ಆಗ ಸಾಮಾನು ಸಾಧಾರಣವಾಗಿ ಆ ಕೆಲಸಕ್ಕೆ ಆಗಬೇಕು. ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಆಗಬಾರದು. ಕದ್ದ ಮಾಲು ಮಾರುವ ಹಕ್ಕೂ ಅವನಿಗೆ ಇಲ್ಲ.

1872ರ ಕರಾರು ಕಾಯ್ದೆಯೂ ಇದೆ. ಗೊತ್ತಿದ್ದೂ ಸುಳ್ಳು ಹೇಳಿ ಮಾರುವುದು, ದೋಷವನ್ನು ಬೇಕೆಂದೇ ಮುಚ್ಚಿಡುವುದು ಮೋಸ. ಅಂಥ ವ್ಯಾಪಾರವನ್ನು ಕೊಂಡವನು ಬೇಡ ಅನ್ನಬಹುದು. ಆದರೆ ಸುಮ್ಮನೆ ಇದ್ದದ್ದೆಲ್ಲ ಮೋಸ ಆಗುವುದಿಲ್ಲ. ಆದ್ದರಿಂದ ಬಾಯಿ ಬಿಟ್ಟು ಕೇಳಬೇಕು. ನಮ್ಮ ಅಕ್ಕ ಕೇಳಿದ್ದಳು. ಅದೇ ಆಮೇಲೆ ಆಧಾರ ಆಯಿತು.

ಇನ್ನೊಂದು ಮಾತು. ಹಳೇ ಸಾಮಾನು ಹೊಸದರಂತೆ ಬಾಳಲಿ ಅಂತ ಕೇಳುವುದು ನ್ಯಾಯ ಅಲ್ಲ. ಹತ್ತು ವರ್ಷದ ಯಂತ್ರ ಒಂದು ವರ್ಷ ಬಿಟ್ಟು ಕೆಟ್ಟರೆ ಅದು ಸವೆತ. ಒಂಬತ್ತು ದಿನಕ್ಕೆ ಕೆಟ್ಟರೆ ಏಕೆ ಅಂತ ವಿಚಾರಿಸಬೇಕು.

ಕೊಳ್ಳುವ ಮುಂಚೆ

ಕೈ ಒರೆಸಿಕೊಂಡು, ತಾಳ್ಮೆಯಿಂದ ನೋಡಿ.

1. ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಹಾಡಿಸಿ. ಸುಟ್ಟ ವಾಸನೆ, ಅತಿ ಬಿಸಿ, ಗುಂಯ್ ಸದ್ದು ಇದೆಯಾ ನೋಡಿ.
2. ಸದ್ದಿನ ಗುಂಡಿ ನಿಧಾನ ತಿರುಗಿಸಿ. ಕರಕರ ಅಂದರೆ ಅದು ಸವೆದಿದೆ ಅಥವಾ ದೂಳು ತುಂಬಿದೆ.
3. ಎರಡೂ ಸ್ಪೀಕರಿನಲ್ಲಿ ಸದ್ದು ಸಮ ಇದೆಯಾ ಕೇಳಿ.
4. ಯಂತ್ರ ಆರಿಸಿ. ಸ್ಪೀಕರ್ ಕಾಗದವನ್ನು ಬೆರಳುಗಳಿಂದ ಮೆಲ್ಲಗೆ, ನೇರವಾಗಿ ಒತ್ತಿ. ಒಳಗೆ ಉಜ್ಜುವ ಸದ್ದು ಬಂದರೆ ಸುರುಳಿ ಸುಟ್ಟಿರಬಹುದು.
5. ಮೈಕ್ ಹಚ್ಚಿ ಮಾತಾಡಿ. ಎಲ್ಲ ತೂತಿಗೂ ಹಚ್ಚಿ ನೋಡಿ.
6. ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಆರಿಸಿದ ಮೇಲೂ ಒಳಗೆ ಕರೆಂಟ್ ಉಳಿದಿರಬಹುದು. ತಿಳಿದವರಿಂದ ಬಿಚ್ಚಿಸಿ.

ಚೀಟಿ ಬರೆಸಿ, ಓದಿ, ಆಮೇಲೆ ಸಹಿ ಹಾಕಿ

ಬಾಯಿಮಾತು ಗಾಳಿಗೆ ಹೋಗುತ್ತದೆ. ಬರಹ ಉಳಿಯುತ್ತದೆ. ಬಿಲ್ಲಿನಲ್ಲಿ ಇಷ್ಟು ಇರಬೇಕು: ತಾರೀಕು, ಅಂಗಡಿ ಹೆಸರು, ಸಾಮಾನಿನ ಹೆಸರು ಮತ್ತು ನಂಬರು, ಬೆಲೆ, ಏನು ರಿಪೇರಿ ಆಗಿದೆ, ಎಷ್ಟು ದಿನದ ಭರವಸೆ. "ಮೂವತ್ತು ದಿನದ ಒಳಗೆ ಕೆಟ್ಟರೆ ರಿಪೇರಿ ಮಾಡಿಕೊಡುತ್ತೇನೆ" ಅಂತ ಒಂದು ಸಾಲು ಬರೆಸಿ.

"ಇದ್ದಂತೆ ಮಾರಾಟ" ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ತಡೆಯಿರಿ. ಹೇಗಿದೆಯೋ ಹಾಗೇ ತಗೊಂಡೆ ಅಂತ ಅದರ ಅರ್ಥ. ಬೇಡವಾದರೆ ಹೊಡೆದು ಹಾಕಿಸಿ. ಇಲ್ಲವೇ ಬೆಲೆ ಇಳಿಸಿ ಕೇಳಿ. ಆದರೆ ಆ ಸಾಲು ಬರೆದ ಮಾತ್ರಕ್ಕೆ ಸುಳ್ಳು ಹೇಳುವ ಹಕ್ಕು ಅಂಗಡಿಯವನಿಗೆ ಬರುವುದಿಲ್ಲ.

ನೀವೇ ಹಳೇ ಸಾಮಾನು ಮಾರುವಾಗಲೂ ಹೀಗೇ ನಡೆಯಿರಿ. ಇರುವ ದೋಷ ಹೇಳಿ. ಚೀಟಿಯಲ್ಲಿ ಬರೆಯಿರಿ. ನಾಳೆ ಯಾರೂ ನಿಮ್ಮ ಬಾಗಿಲಿಗೆ ಬಂದು ಕೂಗುವುದಿಲ್ಲ.

ಕೆಟ್ಟ ಮೇಲೆ

ಮೊದಲು ಬಳಸುವುದನ್ನು ನಿಲ್ಲಿಸಿ. ತಂತಿ ಕಿತ್ತಿಡಿ. ಕಂಡ ಕಂಡವರಿಂದ ಬಿಚ್ಚಿಸಬೇಡಿ. ಬಿಚ್ಚಿದರೆ ಯಾರ ತಪ್ಪು ಅಂತ ತಿಳಿಯುವುದಿಲ್ಲ. ಬಿಲ್ಲು ಹಿಡಿದು ಬೇಗ ಅಂಗಡಿಗೆ ಹೋಗಿ. ಅಂಗಡಿಯವನು ನೋಡದಿದ್ದರೆ ತಿಳಿದ ಮೆಕ್ಯಾನಿಕ್‌ನಿಂದ ನೋಡಿಸಿ, ಕಂಡದ್ದನ್ನು ಬರೆಸಿಕೊಳ್ಳಿ. ನೀವು ಏನು ಜೋಡಿಸಿದ್ದಿರಿ ಅಂತ ನಿಜ ಹೇಳಿ. ಒಪ್ಪದಿದ್ದರೆ ಒಂದು ಕಾಗದ ಬರೆದು ಕಳಿಸಿ. ಪ್ರತಿ ನಿಮ್ಮ ಹತ್ತಿರ ಇರಲಿ.

ಅಂಗಡಿಯಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಜೊತೆಗಿದೆ. ಇದು 1986ರ ಹಳೇ ಕಾಯ್ದೆಯ ಜಾಗಕ್ಕೆ ಬಂತು. 2020ರ ಜುಲೈನಲ್ಲಿ ಜಾರಿ ಆಯಿತು. ಬಿಲ್ಲು ಕೊಡದೆ ಇರುವುದು ಈ ಕಾಯ್ದೆಯಲ್ಲಿ ತಪ್ಪು. 1915 ನಂಬರಿಗೆ ಫೋನ್ ಮಾಡಿ ದೂರು ಹೇಳಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ದೂರು ಕೊಡಬೇಕು. ಐದು ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ.

ಮೈಕ್ ಬಾಡಿಗೆ ಕೊಟ್ಟು ಹೊಟ್ಟೆ ಹೊರೆಯುವವರು ಇದ್ದಾರೆ. ಸ್ವಂತ ದುಡಿಮೆಗೆ ಕೊಂಡಿದ್ದರೆ ಅವರೂ ಗ್ರಾಹಕರೇ. ಕೊಂಡು ಲಾಭಕ್ಕೆ ಮಾರುವವರು ಗ್ರಾಹಕರಲ್ಲ.

ನೆರೆಮನೆಯವರು ತಮ್ಮ ಮನೆಯ ಹಳೇ ಸೆಟ್ಟು ಮಾರಿದರೆ? ಅವರು ವ್ಯಾಪಾರಿ ಅಲ್ಲ. ಆ ಜಗಳ ಗ್ರಾಹಕ ಆಯೋಗಕ್ಕೆ ಹೋಗುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು. ಅದಕ್ಕಿಂತ ಕೂತು ಮಾತಾಡಿ ಬಗೆಹರಿಸುವುದು ಲೇಸು.

ಕೊನೆಗೆ ಏನಾಯಿತು?

ಮೇಳದವರು ಮೆಕ್ಯಾನಿಕ್ ಬರೆದ ಚೀಟಿ ಹಿಡಿದು ಮತ್ತೆ ಅಂಗಡಿಗೆ ಹೋದರು. ಹೊಸದಾಗಿ ಅಕ್ಷರ ಕಲಿತ ಅಕ್ಕನೇ ಅದನ್ನು ಗಟ್ಟಿಯಾಗಿ ಓದಿದಳು. ನಾಲ್ಕು ಸ್ಪೀಕರ್ ಕಟ್ಟಿದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅಂಗಡಿಯವನು ತಲೆ ತಗ್ಗಿಸಿದ. ರಿಪೇರಿಗೆ 1,400 ರೂಪಾಯಿ. ಅವನು 900 ಕೊಡಲು ಒಪ್ಪಿದ. ಮೇಳದವರು 500 ಹಾಕಿದರು. ಈ ಸಲ ಸರಿಯಾದ ಫ್ಯೂಸ್ ಹಾಕಿಸಿದರು. ಮೂವತ್ತು ದಿನದ ಭರವಸೆ ಬರೆಸಿಕೊಂಡರು.

ಅಕ್ಕ ಓದಿ ನೋಡಿದ ಮೇಲೇ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದಳು.

ನೀವೂ ಯೋಚಿಸಿ, ಗುಂಪಿನಲ್ಲಿ ಮಾತಾಡಿ: ನಿಮ್ಮ ಮನೆಯಲ್ಲಿ ಹಳೇ ಸಾಮಾನು ಯಾವುದಿದೆ? ಅದರ ಬಿಲ್ಲು ಎಲ್ಲಿದೆ? ಅದರಲ್ಲಿ ಏನು ಬರೆದಿದೆ? ಇವತ್ತೇ ತೆಗೆದು ಓದಿ.