ಉಳ್ಳಾಲಕ್ಕೆ ಇನ್ನೆಷ್ಟು ಲೋಡು ಕಲ್ಲು?

ಜೂನ್ ಬಂತೆಂದರೆ ಉಳ್ಳಾಲದಿಂದ ಒಂದೇ ಥರದ ಫೋಟೊಗಳು ಬರುತ್ತವೆ. ಬುಡ ಕಿತ್ತ ತೆಂಗಿನಮರ, ಅರ್ಧ ಕುಸಿದ ಮನೆ, ‘ಸ್ಥಳ ಪರಿಶೀಲನೆ’ಗೆ ಬಂದ ಜನಪ್ರತಿನಿಧಿ. ಆಮೇಲೆ ಟಿಪ್ಪರ್‌ಗಳಲ್ಲಿ ಬಂಡೆಗಲ್ಲು. ಕಡಲು ಮುನಿದಿದೆ ಅಂತ ಟಿವಿಯವರು ಹೇಳ್ತಾರೆ. ನಾನು ಮರಳಿನ ಲೆಕ್ಕ ಕೇಳ್ತೀನಿ.

ಬೀಚ್ ಅಂದ್ರೆ ನಿಂತ ನೆಲ ಅಲ್ಲ. ಮಳೆಗಾಲದ ಅಲೆ ಮರಳನ್ನು ಕಡಲೊಳಗೆ ಎಳೆದೊಯ್ಯುತ್ತದೆ, ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ವಾಪಸ್ ತಂದು ಹಾಕುತ್ತವೆ. ದಡದುದ್ದಕ್ಕೂ ಮರಳು ಸಾಗುತ್ತಲೇ ಇರುತ್ತದೆ, ನದಿಗಳು ಹೊಸದನ್ನು ಸೇರಿಸುತ್ತವೆ. ಈ ಜಮಾ-ಖರ್ಚು ಸರಿಯಿದ್ದರೆ ದಡ ಉಳಿಯುತ್ತದೆ. ನೇತ್ರಾವತಿ-ಗುರುಪುರ ಅಳಿವೆಯಲ್ಲಿ ದೋಣಿಗಳ ಓಡಾಟಕ್ಕೆಂದು ಬ್ರೇಕ್‌ವಾಟರ್ ಕಟ್ಟಿದೆವು. ಉತ್ತರದ ಬೆಂಗ್ರೆ ಕಡೆ ಮರಳು ತುಂಬಿತು, ದಕ್ಷಿಣದ ಉಳ್ಳಾಲ ಕಳೆದುಕೊಂಡಿತು. ಮೇಲೆ ತುಂಬೆಯ ಅಣೆಕಟ್ಟು, ನದಿಯಲ್ಲಿ ಮರಳುಗಾರಿಕೆ ಬೇರೆ.

ಕಲ್ಲಿನ ಗೋಡೆಗೆ ಬಡಿದ ಅಲೆ ಸುಮ್ಮನಾಗಲ್ಲ. ತಿರುಗಿ ಹೋಗುವಾಗ ಗೋಡೆಯ ಬುಡದ ಮರಳನ್ನೇ ತೋಡುತ್ತದೆ, ಗೋಡೆ ಮುಗಿದ ಕಡೆ ಪಕ್ಕದವರ ಜಾಗಕ್ಕೆ ಬಾಯಿ ಹಾಕುತ್ತದೆ. ಈಗ ಸೋಮೇಶ್ವರ, ಉಚ್ಚಿಲದವರೂ ಕಲ್ಲು ಕೇಳ್ತಿದ್ದಾರೆ. ಅವರನ್ನು ದೂರಲ್ಲ, ಅಡುಗೆಮನೆಗೇ ನೀರು ನುಗ್ಗಿದವರು ಮತ್ತೇನು ಕೇಳಬೇಕು? ಎಡಿಬಿ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ಕೃತಕ ರೀಫ್‌ಗಳನ್ನೂ ಮಾಡಿದ್ದಾಯ್ತು. ಅದು ಅಲೆಯ ಹೊಡೆತ ತಗ್ಗಿಸುವ ಉಪಾಯ, ಮರಳು ಹುಟ್ಟಿಸುವುದಲ್ಲ.

ಹವಾಮಾನ ಬದಲಾವಣೆ ಬರುವುದು ಇದರ ಮೇಲೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರಮಟ್ಟ 20 ಸೆಂ.ಮೀ. ಏರಿತು ಅನ್ನುತ್ತದೆ ಐಪಿಸಿಸಿ. 2006ರ ನಂತರ ಏರಿಕೆಯ ವೇಗ ವರ್ಷಕ್ಕೆ 3.7 ಮಿ.ಮೀ. ಕಡಿಮೆ ಅನ್ನಿಸಬಹುದು. ಆದರೆ 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತದ ಅಲೆಗಳು ಏಳುವುದು ಹೀಗೆ ಏರಿದ ನೀರಿನ ಮೇಲೇ.

ಇಷ್ಟಾದ ಮೇಲೆ ಕಾನೂನು ದಡದಿಂದ ಹಿಂದೆ ಸರಿಯಿರಿ ಅನ್ನಬೇಕಿತ್ತು ಅಲ್ವಾ? ಆಗಿದ್ದು ಉಲ್ಟಾ. 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಹಳ್ಳಿಗಳ ಕಡಲತೀರದಲ್ಲಿ 200 ಮೀಟರ್ ನಿರ್ಮಾಣ ನಿಷಿದ್ಧ ವಲಯವಿತ್ತು. 2019ರಲ್ಲಿ, ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಅದನ್ನು 50 ಮೀಟರ್‌ಗೆ ಇಳಿಸಿದರು. ದಡದಲ್ಲೇ ಬದುಕಬೇಕಾದ ಮೀನುಗಾರರ ಮನೆಗೆ ಸಡಿಲಿಕೆ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಇಳಿದ ಅಂತರ ಅವರಿಗಷ್ಟೇ ಅಲ್ಲ.

ಕೊರೆತ, ಸಮುದ್ರಮಟ್ಟದ ಏರಿಕೆ ಎಲ್ಲ ಲೆಕ್ಕ ಹಾಕಿ ಸರ್ವೆ ಆಫ್ ಇಂಡಿಯಾ ‘ಅಪಾಯ ರೇಖೆ’ ಎಳೆದಿದೆ. ಅದೇ 2019ರ ಅಧಿಸೂಚನೆ ಈ ರೇಖೆಯನ್ನು ವಿಪತ್ತು ನಿರ್ವಹಣೆ, ಯೋಜನೆಗೆ ಬಳಸಿ ಅನ್ನುತ್ತದೆ. ಕಟ್ಟಡ ತಡೆಯಲಿಕ್ಕಲ್ಲ.