ಸ್ಥೌಲ್ಯದ ಶಸ್ತ್ರಚಿಕಿತ್ಸೆ: ನಿರೀಕ್ಷೆ, ಫಲ ಮತ್ತು ಲೋಕದ ತೀರ್ಪು

ಅತಿಸ್ಥೌಲ್ಯವನ್ನು ಶಸ್ತ್ರಚಿಕಿತ್ಸೆಯಿಂದ ಪರಿಹರಿಸುವ ಪ್ರಯತ್ನಕ್ಕೆ ಈಗ ಏಳು ದಶಕಗಳ ಇತಿಹಾಸವಿದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದರ ಗುಣದೋಷಗಳನ್ನು ಕುರಿತು ವಿಪುಲವಾದ ಸಾಹಿತ್ಯ ಬೆಳೆದಿದೆ. ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಅಭ್ಯಾಸಿಗಳಿಗೆ ಇದರಲ್ಲಿ ಎರಡು ಪ್ರಶ್ನೆಗಳು ವಿಶೇಷವಾಗಿ ಗಮನಾರ್ಹವಾದುವು. ಚಿಕಿತ್ಸೆಗೆ ಒಳಗಾಗುವವರು ಏನನ್ನು ನಿರೀಕ್ಷಿಸುತ್ತಾರೆ, ಅವರಿಗೆ ವಾಸ್ತವವಾಗಿ ಏನು ದೊರೆಯುತ್ತದೆ ಎಂಬುದು ಮೊದಲನೆಯದು. ತೂಕ ಇಳಿದವರನ್ನು ಸುತ್ತಲಿನ ಜನ ಹೇಗೆ ತೂಗಿನೋಡುತ್ತಾರೆ ಎಂಬುದು ಎರಡನೆಯದು. ಮೇಲ್ನೋಟಕ್ಕೆ ಇವು ಬೇರೆಬೇರೆಯಾಗಿ ತೋರಿದರೂ ಒಂದರ ದೋಷ ಇನ್ನೊಂದಕ್ಕೆ ಹರಡುತ್ತದೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

೧೯೫೪ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಕ್ರೆಮೆನ್ ಮತ್ತು ಅವರ ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ಮಾರ್ಗದಿಂದ ಹೊರಗಿಡುವ ಕ್ರಮವೊಂದನ್ನು ಪ್ರಕಟಿಸಿದರು. ತಿಂದ ಆಹಾರ ಮೈಗೆ ಹತ್ತದಂತೆ ಮಾಡುವುದು ಅದರ ತತ್ತ್ವ. ತೂಕವೇನೋ ಇಳಿಯಿತು, ಆದರೆ ಅತಿಸಾರ, ಮೂತ್ರಪಿಂಡದ ಕಲ್ಲು, ಕೆಲವರಲ್ಲಿ ಯಕೃತ್ತಿನ ವೈಫಲ್ಯ ಇವು ತಲೆದೋರಿದ್ದರಿಂದ ಕಾಲಕ್ರಮದಲ್ಲಿ ಆ ಕ್ರಮವನ್ನು ಕೈಬಿಡಬೇಕಾಯಿತು. ೧೯೬೬ರಲ್ಲಿ ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಇಟೊ ಅವರು ಬೇರೊಂದು ದಾರಿಯನ್ನು ಹಿಡಿದರು. ಹುಣ್ಣಿನ ನಿಮಿತ್ತ ಜಠರದ ಒಂದು ಭಾಗವನ್ನು ತೆಗೆಸಿಕೊಂಡ ಸ್ತ್ರೀಯರು ಮತ್ತೆ ಮೈತುಂಬಿಕೊಳ್ಳುವುದು ಕಷ್ಟವೆಂಬ ಅನುಭವವೇ ಅವರಿಗೆ ಸೂಚನೆಯಾಯಿತು. ಜಠರದ ಮೇಲ್ಭಾಗದಲ್ಲಿ ಸಣ್ಣದೊಂದು ಚೀಲವನ್ನು ಮಾಡಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುವ ಈ ವಿಧಾನ ಹಲವು ಮಾರ್ಪಾಡುಗಳೊಡನೆ ಇಂದಿಗೂ ಬಳಕೆಯಲ್ಲಿದೆ. ಇಂದು ಅದಕ್ಕಿಂತ ಹೆಚ್ಚಾಗಿ ನಡೆಯುವುದು ಜಠರದ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂಥ ಕಿರಿದಾದ ಕೊಳವೆಯಾಗಿ ಮಾಡುವ ಚಿಕಿತ್ಸೆ. ಚರ್ಮದ ಅಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯಚಿಕಿತ್ಸೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಪತ್ರಿಕೆಗಳಲ್ಲಿ ಇವೆರಡನ್ನೂ ಬೆರೆಸಿ ಬರೆಯುವ ರೂಢಿಯಿರುವುದರಿಂದ ಈ ಮಾತನ್ನು ಹೇಳಬೇಕಾಯಿತು.

ಜಠರ ಚಿಕ್ಕದಾದ್ದರಿಂದ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದ್ದರಿಂದ ಮೈ ಇಳಿಯುತ್ತದೆ ಎಂಬ ವಿವರಣೆ ಅರ್ಧಸತ್ಯ. ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಬಹುಪಾಲು ಹುಟ್ಟುವುದು ಜಠರದಲ್ಲಿಯೇ. ತೃಪ್ತಿಯನ್ನು ಸೂಚಿಸುವ ಹಾರ್ಮೋನುಗಳು ಕರುಳಿನ ಕೆಳಭಾಗದಲ್ಲಿ ಸ್ರವಿಸುತ್ತವೆ. ಶಸ್ತ್ರಚಿಕಿತ್ಸೆಯಿಂದ ಈ ಸಂದೇಶಗಳ ಪ್ರಮಾಣವೇ ಬದಲಾಗುತ್ತದೆ. ಉಪವಾಸದಿಂದ ತೂಕ ಇಳಿಸಿದವರಲ್ಲಿ ಹಸಿವು ಹೆಚ್ಚುತ್ತದೆ, ಶರೀರದ ವ್ಯಯ ತಗ್ಗುತ್ತದೆ, ದೇಹ ಕಳೆದುಕೊಂಡುದನ್ನು ಹಿಂದಕ್ಕೆ ಪಡೆಯಲು ಹವಣಿಸುತ್ತದೆ. ಶಸ್ತ್ರಚಿಕಿತ್ಸೆ ಈ ಹವಣಿಕೆಯನ್ನು ಬಹುಮಟ್ಟಿಗೆ ಸಡಿಲಿಸುತ್ತದೆ. ಆದರೆ ಪೂರ್ತಿಯಾಗಿ ತೊಡೆದುಹಾಕುವುದಿಲ್ಲ.

ಇನ್ನು ಫಲದ ವಿಚಾರ. ಶರೀರದ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿ.ಎಂ.ಐ. ಎಂದು ಹೆಸರು. ೧೬೦ ಸೆಂಟಿಮೀಟರು ಎತ್ತರ, ೧೧೫ ಕಿಲೋ ತೂಕವುಳ್ಳ ಸ್ತ್ರೀಯೊಬ್ಬರನ್ನು ಉದಾಹರಣೆಯಾಗಿ ಭಾವಿಸೋಣ. ಅವರ ಬಿ.ಎಂ.ಐ. ಸುಮಾರು ೪೫. ಪುಸ್ತಕದ ಪ್ರಕಾರ ೨೫ಕ್ಕೆ ಇಳಿಯಬೇಕಾದರೆ ಅವರ ತೂಕ ೬೪ ಕಿಲೋ ಆಗಬೇಕು. ಎಂದರೆ ೫೧ ಕಿಲೋ ಹೆಚ್ಚುವರಿ. ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲಿಸಿತು, ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ನೂರಕ್ಕೆ ೩೦ರಷ್ಟು ಇಳಿಯಿತು ಎಂದಿಟ್ಟುಕೊಂಡರೆ ಅವರು ಕಳೆದುಕೊಂಡದ್ದು ೩೪.೫ ಕಿಲೋ, ಉಳಿದದ್ದು ೮೦.೫ ಕಿಲೋ. ಹೆಚ್ಚುವರಿ ತೂಕದ ಮೂರರಲ್ಲಿ ಎರಡು ಪಾಲು ಹೋಯಿತು. ವೈದ್ಯರ ಲೆಕ್ಕದಲ್ಲಿ ಇದು ಉತ್ತಮವಾದ ಯಶಸ್ಸು. ಆದರೆ ಅವರ ಬಿ.ಎಂ.ಐ. ಈಗಲೂ ೩೧ಕ್ಕಿಂತ ಮೇಲಿದೆ! ಹಿಂದೆ ಅವರನ್ನು ಕಾಣದಿದ್ದವರ ಕಣ್ಣಿಗೆ ಅವರು ಈಗಲೂ ದಪ್ಪನೆಯ ಹೆಂಗಸೇ. ಮುಂದೆ ಕೆಲವು ಕಿಲೋಗಳು ಮರಳಿ ಬಂದು ಇಳಿಕೆ ನೂರಕ್ಕೆ ೨೫ರಲ್ಲಿ ನಿಂತರೆ ಅವರ ತೂಕ ೮೬ ಕಿಲೋ ಆಗುತ್ತದೆ. ಹಾಗಾದರೂ ಅದು ಸೋಲಲ್ಲ, ನಿರೀಕ್ಷಿತವಾದುದೇ.

ಈ ಗಣಿತವನ್ನು ರೋಗಿಗಳು ಮೊದಲೇ ಒಪ್ಪಿಕೊಂಡಿರುತ್ತಾರೆಯೇ? ಶಸ್ತ್ರಚಿಕಿತ್ಸೆಯಲ್ಲದ ಉಪಾಯಗಳಿಂದ ತೂಕ ಇಳಿಸಲು ಬಂದ ೬೦ ಮಂದಿ ಸ್ತ್ರೀಯರನ್ನು ಫಾಸ್ಟರ್ ಮತ್ತು ಅವರ ಸಹೋದ್ಯೋಗಿಗಳು ಪ್ರಶ್ನಿಸಿ ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಅವರು ಬಯಸಿದ್ದು ಸರಾಸರಿ ನೂರಕ್ಕೆ ೩೨ರಷ್ಟು ಇಳಿಕೆಯನ್ನು. ೨೫ ಕಿಲೋ ಇಳಿದರೆ ಅದು ಒಪ್ಪಬಹುದಾದದ್ದು ಮಾತ್ರ, ೧೭ ಕಿಲೋ ಇಳಿದರೆ ನಿರಾಶೆ ಎಂದು ಅವರು ಹೇಳಿದ್ದರು. ೪೮ ವಾರಗಳ ಬಳಿಕ ಸರಾಸರಿ ೧೬ ಕಿಲೋ ಇಳಿದಿತ್ತು. ಆಹಾರನಿಯಮದಿಂದ ಇಷ್ಟು ಸಾಧಿಸುವುದು ಸಾಮಾನ್ಯವಲ್ಲ. ಆದರೂ ನೂರಕ್ಕೆ ೪೭ ಮಂದಿ ತಾವೇ ಗೊತ್ತುಮಾಡಿಕೊಂಡ ನಿರಾಶೆಯ ಗೆರೆಯನ್ನು ಸಹ ಮುಟ್ಟಲಿಲ್ಲ. ಇವರ ಕನಸಿನ ಇಳಿಕೆ ಶಸ್ತ್ರಚಿಕಿತ್ಸೆಯಿಂದ ಮಾತ್ರ ದೊರೆಯುವಂಥದು. ಆ ಚಿಕಿತ್ಸೆಯನ್ನೇ ಆರಿಸಿಕೊಂಡವರ ಕನಸು ಇನ್ನೂ ಮುಂದಕ್ಕೆ ಓಡುವುದು ಸಹಜ.

ದೀರ್ಘಕಾಲದ ಫಲವನ್ನು ತಿಳಿಯಲು ಸ್ವೀಡನ್ ದೇಶದ ಅಧ್ಯಯನಕ್ಕೆ ಸಮನಾದದ್ದು ವಿರಳ. ೧೯೮೭ರಲ್ಲಿ ಆರಂಭವಾದ ಅದರಲ್ಲಿ ಶಸ್ತ್ರಚಿಕಿತ್ಸೆ ಪಡೆದ ೨,೦೧೦ ಮಂದಿಯನ್ನೂ ಸಾಮಾನ್ಯ ಚಿಕಿತ್ಸೆಯಲ್ಲಿದ್ದ ೨,೦೩೭ ಮಂದಿಯನ್ನೂ ದಶಕಗಳ ಕಾಲ ಗಮನಿಸಲಾಯಿತು. ೨೦೦೪ರ ವರದಿಯಂತೆ, ಮೊದಲ ಪಂಗಡದ ತೂಕ ಎರಡನೆಯ ವರ್ಷಕ್ಕೆ ನೂರಕ್ಕೆ ೨೩ರಷ್ಟೂ ಹತ್ತನೆಯ ವರ್ಷಕ್ಕೆ ನೂರಕ್ಕೆ ೧೬ರಷ್ಟೂ ಕಡಿಮೆಯಾಗಿತ್ತು. ಅಂದಿನವರಲ್ಲಿ ಬಹುಮಂದಿಗೆ ನಡೆದದ್ದು ಇಂದು ಬಹುಮಟ್ಟಿಗೆ ಬಳಕೆ ತಪ್ಪಿದ ಹಳೆಯ ವಿಧಾನಗಳೆಂಬುದನ್ನು ಮರೆಯಬಾರದು. ಮೇಸನ್ನರ ಮಾರ್ಗದ ಜೋಡಣೆ ಮಾಡಿಸಿಕೊಂಡವರಲ್ಲಿ ಹತ್ತನೆಯ ವರ್ಷದ ಇಳಿಕೆ ನೂರಕ್ಕೆ ೨೫ರಷ್ಟಿತ್ತು. ಮಧುಮೇಹವಿದ್ದವರಲ್ಲಿ ನೂರಕ್ಕೆ ೭೨ ಮಂದಿ ಎರಡನೆಯ ವರ್ಷದಲ್ಲಿ ಅದರಿಂದ ಮುಕ್ತರಾಗಿದ್ದರು. ಹತ್ತನೆಯ ವರ್ಷದಲ್ಲಿ ಹಾಗೆ ಉಳಿದಿದ್ದವರು ೩೬ ಮಂದಿ. ಆಯುಸ್ಸಿನ ಲೆಕ್ಕವೂ ಇದೇ ರೀತಿಯದು. ಶಸ್ತ್ರಚಿಕಿತ್ಸೆ ಪಡೆದವರು ಪಡೆಯದ ಸ್ಥೂಲಕಾಯರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬಾಳುತ್ತಾರೆ, ಆದರೆ ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆ ಎಂದು ೨೦೨೦ರಲ್ಲಿ ವರದಿಯಾಯಿತು. ಲಾಭ ನಿಜವಾದದ್ದು, ದೊಡ್ಡದು. ಆದರೆ ಅದು ಪುನರ್ಜನ್ಮವಲ್ಲ.

ಇದೇ ಅಧ್ಯಯನದಲ್ಲಿ ಜೀವನದ ಸುಖವನ್ನು ಅಳೆದಾಗ ಕಂಡುಬಂದ ರೇಖೆ ಬೋಧಪ್ರದವಾಗಿದೆ. ಮೊದಲ ವರ್ಷದಲ್ಲಿ ಅದು ಎತ್ತರಕ್ಕೆ ಏರುತ್ತದೆ. ಆಮೇಲೆ ಆರನೆಯ ವರ್ಷದವರೆಗೆ ಮೆಲ್ಲನೆ ಇಳಿಯುತ್ತ ಬಂದು, ಹಿಂದಿನ ಸ್ಥಿತಿಗಿಂತ ಮೇಲಿನ ಒಂದು ಮಟ್ಟದಲ್ಲಿ ನೆಲೆಗೊಳ್ಳುತ್ತದೆ. ಮೊದಲ ವರ್ಷದ ಉತ್ಸಾಹವನ್ನೇ ಶಾಶ್ವತವೆಂದು ನಂಬಿದವರಿಗೆ ಆ ನಡುವಣ ವರ್ಷಗಳು ಕಠಿನವಾದುವು. ಜೋಲುಬಿದ್ದ ಚರ್ಮ, ಮೊದಲ ತಿಂಗಳುಗಳಲ್ಲಿ ಉದುರುವ ಕೂದಲು, ಸಿಹಿ ತಿಂದೊಡನೆ ಬರುವ ಬೆವರು ಮತ್ತು ತಲೆಸುತ್ತು, ಬದುಕಿರುವಷ್ಟು ಕಾಲವೂ ಬಿಡದೆ ಸೇವಿಸಬೇಕಾದ ಕಬ್ಬಿಣ, ಸುಣ್ಣ, ಬಿ-೧೨ ಜೀವಸತ್ವ ಇವೆಲ್ಲ ಚಿಕಿತ್ಸೆಯ ಜೊತೆಯಲ್ಲಿಯೇ ಬರುವಂಥವು. ಸಂಬಂಧಗಳೂ ಅಲುಗಾಡುತ್ತವೆ. ೨೦೧೮ರಲ್ಲಿ ಸ್ವೀಡನ್ನಿನಿಂದ ಬಂದ ವರದಿಯಂತೆ, ಶಸ್ತ್ರಚಿಕಿತ್ಸೆಯಾದ ಅವಿವಾಹಿತರಲ್ಲಿ ಹೊಸ ವಿವಾಹಗಳು ಹೆಚ್ಚು; ಆಗಲೇ ಸಂಗಾತಿಗಳಿದ್ದವರಲ್ಲಿ ವಿಚ್ಛೇದಗಳೂ ಹೆಚ್ಚು. ಅಮೆರಿಕದ ಯೂಟಾ ಪ್ರಾಂತದಲ್ಲಿ ೭,೯೨೫ ಮಂದಿ ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿ ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಮರಣಗಳು ನೂರಕ್ಕೆ ೪೦ರಷ್ಟು ಕಡಿಮೆಯಾಗಿದ್ದುವು. ಆದರೆ ಅಪಘಾತ, ಆತ್ಮಹತ್ಯೆ ಮುಂತಾದ, ರೋಗದಿಂದಲ್ಲದ ಮರಣಗಳು ನೂರಕ್ಕೆ ೫೮ರಷ್ಟು ಹೆಚ್ಚಾಗಿದ್ದುವು. ಅಂಥ ಮರಣಗಳ ಸಂಖ್ಯೆ ಒಟ್ಟಿನಲ್ಲಿ ಅಲ್ಪವೆಂಬುದು ನಿಜ. ಆದರೂ ಆಸ್ಪತ್ರೆಯ ಯಶಸ್ಸಿನ ಪಟ್ಟಿಯಲ್ಲಿ ಕಾಣಿಸದ ಯಾವುದೋ ನೋವು ಇಲ್ಲಿದೆಯೆನ್ನದೆ ಗತ್ಯಂತರವಿಲ್ಲ.

ಆ ನೋವಿನ ಒಂದು ಮೂಲವನ್ನು ಲೋಕದ ತೀರ್ಪಿನಲ್ಲಿ ಹುಡುಕಬೇಕಾಗುತ್ತದೆ. ಸ್ಥೂಲಕಾಯರನ್ನು ಜರೆಯುವುದು ಆಧುನಿಕ ಪಾಶ್ಚಾತ್ಯರು ಮಾತ್ರ ಕಂಡುಹಿಡಿದ ಪದ್ಧತಿಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದಿತರಾದ ಎಂಟು ಬಗೆಯ ಶರೀರದವರನ್ನು ಎಣಿಸುವಾಗ ಅತಿಸ್ಥೂಲನೂ ಅತಿಕೃಶನೂ ಸೇರಿದ್ದಾರೆ. ಇಬ್ಬರಲ್ಲಿ ಕೃಶನೇ ಮೇಲೆಂಬ ನಿರ್ಣಯವೂ ಅಲ್ಲಿದೆ. ಚರಕನ ಕಾರಣಗಳು ಚಿಕಿತ್ಸಕನ ಕಾರಣಗಳು. ಆದರೂ ಆತ ಆರಿಸಿದ ಶಬ್ದ ‘ನಿಂದಿತ’ ಎಂಬುದನ್ನು ಗಮನಿಸಬೇಕು. ಅಮೆರಿಕದಲ್ಲಿ ರಿಚರ್ಡ್‌ಸನ್ ಮತ್ತು ಸಂಗಡಿಗರು ೧೯೬೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಆರು ಚಿತ್ರಗಳನ್ನು ತೋರಿಸಿ, ಮೆಚ್ಚಿಕೆಯ ಕ್ರಮದಲ್ಲಿ ಆರಿಸಲು ಹೇಳಲಾಯಿತು. ಊರುಗೋಲು ಹಿಡಿದ ಮಗು, ಗಾಲಿಕುರ್ಚಿಯಲ್ಲಿ ಕುಳಿತ ಮಗು, ಕೈಯಿಲ್ಲದ ಮಗು ಇವರೆಲ್ಲರ ಕೊನೆಯಲ್ಲಿ ನಿಂತದ್ದು ದಪ್ಪನೆಯ ಮಗು.

ಕಾರಣವೇನು? ಅಂಗವೈಕಲ್ಯ ದೈವಕೃತ, ಸ್ಥೌಲ್ಯ ಸ್ವಯಂಕೃತ ಎಂಬ ನಂಬಿಕೆ. ೧೯೮೦ರಲ್ಲಿ ಡಿಜಾಂಗ್ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದುವು. ಗ್ರಂಥಿಯ ದೋಷದಿಂದ ದಪ್ಪಗಾದವಳೆಂದು ತಿಳಿಸಿದಾಗ, ಅಥವಾ ಈಚೆಗೆ ಒಂದಿಷ್ಟು ತೂಕ ಇಳಿಸಿಕೊಂಡಿದ್ದಾಳೆಂದು ಹೇಳಿದಾಗ ಸ್ಥೂಲಕಾಯದ ಹುಡುಗಿಯ ಬಗೆಗೆ ಇತರ ಹುಡುಗಿಯರ ಅಭಿಪ್ರಾಯ ಮೃದುವಾಗುತ್ತಿತ್ತು. ಎಂದರೆ ಲೋಕ ಕ್ಷಮಿಸಲು ಸಿದ್ಧವಿದೆ; ಆದರೆ ನಿರಪರಾಧದ ಸಾಕ್ಷ್ಯವನ್ನೋ ಪ್ರಾಯಶ್ಚಿತ್ತದ ಸಾಕ್ಷ್ಯವನ್ನೋ ಕೇಳುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲಿಯೇ. ೨೦೦೯ರಲ್ಲಿ ಮ್ಯಾಟಿಂಗ್ಲಿ ಮತ್ತು ಸಂಗಡಿಗರೂ ೨೦೧೨ರಲ್ಲಿ ಫಾರ್ಡೌಲಿ ಮತ್ತು ವಾರ್ಟಾನಿಯನ್ ಅವರೂ ಪ್ರಕಟಿಸಿದ ಪ್ರಯೋಗಗಳಲ್ಲಿ, ತೂಕ ಇಳಿದ ವ್ಯಕ್ತಿಯ ವಿಚಾರವನ್ನು ಕೆಲವರಿಗೆ ಪಥ್ಯವ್ಯಾಯಾಮಗಳ ಫಲವೆಂದೂ ಕೆಲವರಿಗೆ ಶಸ್ತ್ರಚಿಕಿತ್ಸೆಯ ಫಲವೆಂದೂ ತಿಳಿಸಲಾಯಿತು. ಶಸ್ತ್ರಚಿಕಿತ್ಸೆಯ ಸುದ್ದಿ ಕೇಳಿದವರು ಆ ವ್ಯಕ್ತಿಯನ್ನು ಹೆಚ್ಚು ಸೋಮಾರಿಯೆಂದು ಎಣಿಸಿದರು. ಇಳಿಕೆಗೆ ಆ ವ್ಯಕ್ತಿಯೇ ಹೊಣೆಯಲ್ಲವೆಂಬ ಭಾವನೆ ಈ ತೀರ್ಪಿನ ಬೇರು. ಹೀಗೆ, ಬಾಯಿ ಕಟ್ಟಲಾರದೆ ದಪ್ಪಗಾದರೆಂಬುದು ಮೊದಲ ನಿಂದೆ. ಬಾಯಿ ಕಟ್ಟದೆಯೇ ಅಡ್ಡದಾರಿಯಲ್ಲಿ ಸಣ್ಣಗಾದರೆಂಬುದು ಎರಡನೆಯದು. ಮುಂದೆ ಐದು ಕಿಲೋ ಮರಳಿ ಬಂದರೆ ಮೂರನೆಯದು ಕಾದಿರುತ್ತದೆ.

ಈ ತೀರ್ಪಿನ ಆಧಾರ ದುರ್ಬಲವಾದದ್ದು. ದತ್ತು ಹೋದ ೫೪೦ ಮಂದಿಯನ್ನು ಕುರಿತು ಡೆನ್ಮಾರ್ಕಿನಲ್ಲಿ ಸ್ಟಂಕಾರ್ಡ್ ಮತ್ತು ಸಂಗಡಿಗರು ನಡೆಸಿ ೧೯೮೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಮೈಕಟ್ಟು ಹೆತ್ತವರದನ್ನು ಹೋಲುತ್ತಿತ್ತು. ಸಾಕಿದವರದಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಉಣಿಸಿದ ಕೈಗಿಂತ ಹುಟ್ಟಿದ ರಕ್ತ ಹೆಚ್ಚು ಹೊಣೆಯೆಂದಾಯಿತು. ಇನ್ನು ‘ಸುಲಭದ ದಾರಿ’ ಎಂಬ ಮಾತು. ಹೊಟ್ಟೆಯ ಅಂಗವನ್ನು ಕತ್ತರಿಸಿಕೊಂಡು, ವಾರಗಳ ಕಾಲ ದ್ರವಾಹಾರದಲ್ಲಿದ್ದು, ಜೀವಮಾನವೆಲ್ಲ ತುತ್ತುಗಳನ್ನು ಎಣಿಸುವುದು ಸುಲಭವೆನ್ನುವವರು ಆ ಶಬ್ದಕ್ಕೆ ಯಾವ ಅರ್ಥವನ್ನು ಇಟ್ಟುಕೊಂಡಿದ್ದಾರೋ ತಿಳಿಯದು. ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ನಾವು ಹೀಗೆ ಹಳಿಯುವುದಿಲ್ಲ.

ನಿಂದೆಯ ಮೊದಲ ಫಲ ಗೋಪನ. ೨೦೧೩ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ ಜಠರಕ್ಕೆ ಪಟ್ಟಿ ಹಾಕಿಸಿಕೊಂಡ ಸಂಗತಿ ಹೊರಬಿದ್ದದ್ದು ಮೇ ತಿಂಗಳಲ್ಲಿ. ಅಧಿಕಾರದ ಆಸೆಗಾಗಿ ಮಾಡಿಸಿಕೊಂಡರೇ ಎಂಬ ಚರ್ಚೆ ಕೂಡಲೇ ಎದ್ದಿತು. ಹೆಂಡತಿ ಮಕ್ಕಳಿಗಾಗಿ ಎಂದು ಅವರು ಸಮಜಾಯಿಷಿ ಕೊಡಬೇಕಾಯಿತು. ಅಧಿಕಾರಸ್ಥನಾದ ಪುರುಷನ ಪಾಡೇ ಹೀಗಾದರೆ ಸಾಮಾನ್ಯ ಸ್ತ್ರೀಯರದು ಹೇಗಿರಬೇಕು? ಅಮೆರಿಕದಲ್ಲಿ ಈ ಚಿಕಿತ್ಸೆ ಪಡೆಯುವ ಐವರಲ್ಲಿ ಸುಮಾರು ನಾಲ್ವರು ಸ್ತ್ರೀಯರು. ನಮ್ಮಲ್ಲಿ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಮೈ ಇಳಿದವರನ್ನು ಕಂಡೊಡನೆ “ಏಕೆ, ಮೈಯಲ್ಲಿ ಸೌಖ್ಯವಿಲ್ಲವೆ?” ಎಂದು ವಿಚಾರಿಸುವುದು ನಮ್ಮ ಸೌಜನ್ಯ, ಎಲೆಯ ಮುಂದೆ ಕುಳಿತವರಿಗೆ ಬೇಡವೆಂದರೂ ಬಡಿಸುವುದು ನಮ್ಮ ಉಪಚಾರ. ಎರಡು ತುತ್ತಿಗೆ ಹೊಟ್ಟೆ ತುಂಬುವವರು ಮದುವೆಯ ಪಂಕ್ತಿಯಲ್ಲಿ ಕುಳಿತು ನಿಜವನ್ನು ಹೇಳಲಾರದೆ, ಸುಳ್ಳನ್ನೂ ಹೇಳಲಾರದೆ ಒದ್ದಾಡುತ್ತಾರೆ. ಮದುವೆಯ ವಯಸ್ಸಿನ ಹುಡುಗಿಯಾದರೆ ಮನೆಯವರೇ ವಿಷಯವನ್ನು ಮುಚ್ಚಿಡುವುದುಂಟು.

ಗೋಪನದಿಂದ ಆಗುವ ಹಾನಿ ಮಾನಸಿಕ ಕ್ಲೇಶ ಮಾತ್ರವಲ್ಲ. ಮಾತ್ರೆಗಳನ್ನು ಮುಚ್ಚಿಟ್ಟು ಸೇವಿಸಬೇಕಾದವರು ಸೇವಿಸುವುದನ್ನೇ ಬಿಟ್ಟಾರು. ಬಿ-೧೨ರ ಅಭಾವ ವರ್ಷಗಳ ಬಳಿಕ ನರಗಳ ರೋಗವಾಗಿ ಪ್ರಕಟವಾಗಬಹುದು. ಆಗ ನೋಡುವ ವೈದ್ಯರಿಗೆ ಹಿಂದಿನ ಶಸ್ತ್ರಚಿಕಿತ್ಸೆಯ ಸುದ್ದಿ ಗೊತ್ತಿರುವುದಿಲ್ಲ. ತೂಕ ಸ್ವಲ್ಪ ಮರಳಿದಾಗ, ಅದು ನಿರೀಕ್ಷಿತವೆಂದು ತಿಳಿಯದವರು ನಾಚಿಕೆಯಿಂದ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಸಹಾಯ ಬೇಕಾದದ್ದು ಆಗಲೇ. ಮೊದಲೇ ಅತಿಯಾಗಿದ್ದ ನಿರೀಕ್ಷೆ ಇಲ್ಲಿ ಲೋಕದ ನಿಂದೆಯೊಡನೆ ಕೂಡಿಕೊಳ್ಳುತ್ತದೆ. ಅಂಥವರು ತಮ್ಮ ಮೇಲೆ ಹೊರಿಸಿಕೊಳ್ಳುವ ತೀರ್ಪು ನೆರೆಹೊರೆಯವರ ತೀರ್ಪಿನ ಪ್ರತಿಧ್ವನಿಯೇ. ಆದಕಾರಣ ಶಸ್ತ್ರಚಿಕಿತ್ಸೆಗೆ ಮುಂಚಿನ ಸಮಾಲೋಚನೆಯಲ್ಲಿ ಎಷ್ಟು ಕಿಲೋ ಇಳಿಯುವುದೆಂಬುದರ ಜೊತೆಗೆ, ಮೂರನೆಯ ವರ್ಷದಲ್ಲಿ ಎಷ್ಟು ಮರಳೀತು, ಯಾರಿಗೆ ವಿಷಯವನ್ನು ತಿಳಿಸಬೇಕು, ಕೇಳಿದವರಿಗೆ ಏನೆಂದು ಉತ್ತರಿಸಬೇಕು ಎಂಬುದೂ ಸೇರಬೇಕು. ಕಡೆಯ ಪಕ್ಷ ಮನೆಯ ಒಬ್ಬರಿಗೂ ಕುಟುಂಬದ ವೈದ್ಯರಿಗೂ ತಿಳಿದಿರುವುದು ಅತ್ಯವಶ್ಯ.

೨೦೨೨ರಲ್ಲಿ ಅಂತರರಾಷ್ಟ್ರೀಯ ತಜ್ಞಸಂಸ್ಥೆಗಳು ಈ ಚಿಕಿತ್ಸೆಯ ಮಿತಿಗಳನ್ನು ಸಡಿಲಿಸಿ, ಏಷ್ಯದವರಿಗೆ ಬಿ.ಎಂ.ಐ. ೨೭.೫ರಿಂದಲೇ ಅದನ್ನು ಪರಿಗಣಿಸಬಹುದೆಂದು ಸೂಚಿಸಿದುವು. ನಮ್ಮ ಶರೀರಗಳಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ತಲೆದೋರುವುದು ಇದಕ್ಕೆ ಕಾರಣ. ಈ ನಡುವೆ ಕರುಳಿನ ಹಾರ್ಮೋನನ್ನು ಅನುಕರಿಸುವ ಚುಚ್ಚುಮದ್ದುಗಳು ಬಂದಿವೆ. ಸೆಮಾಗ್ಲುಟೈಡ್ ಎಂಬುದಕ್ಕೆ ಸ್ಥೌಲ್ಯದ ಔಷಧವಾಗಿ ಅಮೆರಿಕದಲ್ಲಿ ೨೦೨೧ರಲ್ಲಿ ಅನುಮತಿ ದೊರೆಯಿತು. ೨೦೨೫ರಲ್ಲಿ ಅದು ಅದೇ ಉದ್ದೇಶಕ್ಕಾಗಿ ನಮ್ಮ ಅಂಗಡಿಗಳಿಗೂ ಬಂದಿತು. ಇಲ್ಲಿ ಕತ್ತಿಯಿಲ್ಲ, ಹೊಲಿಗೆಯಿಲ್ಲ. ಆದರೂ ಅದನ್ನು ಸೇವಿಸಿ ಇಳಿದವರನ್ನು ಕುರಿತು ‘ಅಡ್ಡದಾರಿ’ ಎಂಬ ಮಾತೇ ಈಗಾಗಲೇ ಕೇಳಿಬರುತ್ತಿದೆ.